ಮುಸುರಿ ಗುಂಡಿ ಮತ್ತು ಮಾಸ್ತರ ಡಬ್ಬಿ

ಪೂನಮ್ ತಟ್ಟೆಗಳನ್ನು ಬಳಿಯುತ್ತಿದ್ದಳು.

ಅರ್ಧ ಉಂಡು ಬಿಟ್ಟ ಅನ್ನ, ಸಾಂಬಾರಿನಲ್ಲಿ ನೆನೆದ ಚಾಕಲೇಟ್ ಕಾಗದ, ಮೊಟ್ಟೆ ಸಿಪ್ಪೆ... ಎಲ್ಲವೂ ಕೈಯಿಂದ ಬಕೀಟಿಗೆ, ಬಕೀಟಿನಿಂದ ಅಡುಗೆ ಕೋಣೆಯ ಹಿಂದಿನ ಮುಸುರಿ ಗುಂಡಿಗೆ. ಗುಂಡಿಯ ಮೇಲೆ ಹಸಿರು ಕೆನೆ ಕಟ್ಟಿತ್ತು. ಅದರಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿತ್ತು. ಹಾಲಿನ ಪುಡಿಯ ಖಾಲಿ ಚೀಲದೊಳಗೆ ಬಿಳಿ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು.

ಕಟಕೋಳದ ಹತ್ತಿರದ ಒಂದು ಸಣ್ಣ ಹಳ್ಳಿಯ ಶಾಲೆ ಅದು. ಏಳನೇ ಈಯತ್ತೆಗೆ ಓದು ಬಿಟ್ಟ ಪೂನಮ್‌ಗೆ ಅಲ್ಲಿ ಬಿಸಿಯೂಟದ ಕೆಲಸ.

ಅವತ್ತೇ ಬಂದ ಹೊಸ ಅತಿಥಿ ಶಿಕ್ಷಕ ವಿರೂಪಾಕ್ಷ ನೀರು ಹುಡುಕುತ್ತ ಹಿಂದಕ್ಕೆ ಬಂದ. ಅವಳು ಕೈ ತೊಳೆದು, ಸೆರಗಿಗೆ ಒರೆಸಿ, ಲೋಟ ತುಂಬಿ ಮುಂದೆ ಹಿಡಿದಳು.

ಅವನು ಕೈ ಚಾಚಿದವನು ತಟ್ಟನೆ ಹಿಂದೆಳೆದುಕೊಂಡ. ಮುಖ ಕಿವುಚಿತು. ಕರ್ಚೀಫು ಮೂಗಿಗೆ ಹೋಯಿತು.

"ಥೂ! ಎಂಥಾ ಹೊಲಸ!"

ಅಷ್ಟೇ. ತಿರುಗಿ ಓಡಿಯೇಬಿಟ್ಟ!

ಲೋಟ ಅವಳ ಕೈಯಲ್ಲೇ ಉಳಿಯಿತು. 'ನನ್ನ ನೋಡಿ ಅಂದ್ರೇನು...? ನಮ್ಮ ಕೇರಿ ಯಾವುದಂತ ಯಾರೋ ಆಗಲೇ ಹೇಳ್ಯಾರ...'

ಮರುದಿನದಿಂದ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಉಳಿದ ಮಾಸ್ತರರೆಲ್ಲ ಮಕ್ಕಳ ಜೊತೆ ಉಣ್ಣುತ್ತಿದ್ದರೆ ವಿರೂಪಾಕ್ಷ ಮಾತ್ರ ಡಬ್ಬಿ ಹಿಡಿದು ರಸ್ತೆಯಾಚೆಯ ಬಸ್ ತಂಗುದಾಣಕ್ಕೆ ಹೋಗುತ್ತಿದ್ದ.

"ನೋಡಿದೇನ ಪೂನಿ?" ಹಿರಿಯ ಅಡುಗೆಯಾಕೆ ಸಾವಂತ್ರೆವ್ವ ಸೌಟು ಬಡಿದಳು. "ನಮ್ಮ ಸಾಂಬಾರ ಮುಟ್ಟಿದ್ರ ಅವನ ನಾಲಿಗಿ ಕರಗಿ ಹೋಗತೈತಂತ ಕಾಣತೈತಿ!"

"ಬಿಡ ಅತ್ತಿ. ಉಣ್ಣದಿದ್ರ ನಮಗೇನ?"

ಆದರೆ ಅವಳ ಕಣ್ಣು ಬಿಡುತ್ತಿರಲಿಲ್ಲ. ಅವನು ಮಕ್ಕಳ ಜೊತೆ ಬಗ್ಗಿ ಕಸದ ಹಾಳೆ ಆರಿಸುವುದು, ಮೋಟು ಪೆನ್ಸಿಲ್ಲಿಗೆ ಬಿದಿರು ಕಡ್ಡಿ ಸಿಕ್ಕಿಸಿ ಉದ್ದ ಮಾಡಿಕೊಡುವುದು, ಪ್ಲಾಸ್ಟಿಕ್ ಬಾಟಲಿ ತಂದವರಿಗೆ ಗದರದೆ ಮನೆಯ ತಾಮ್ರದ ಚೊಂಬಿನ ನೆನಪು ಮಾಡುವುದು... ಎಲ್ಲ ನೋಡುತ್ತಿದ್ದಳು. ನೋಡಿ ನೋಡಿ ಎದೆಯಲ್ಲಿ ಏನೋ ಮೆತ್ತಗಾಗುತ್ತಿತ್ತು. ಮರುಗಳಿಗೆಗೆ ಅದೇ ಎದೆ ಉರಿಯುತ್ತಿತ್ತು.

'ನನ್ನ ಕೈ ನೀರಿಗೆ ಹೇಸೂವನ ಮ್ಯಾಲ ನನಗ ಮನಸೇನು? ಥೂ... ನಾಚಿಕಿ ಇಲ್ಲದಾಕಿ!'

ಅವನ ಮೇಲಿನ ಹೇಸಿಗೆಗಿಂತ ತನ್ನ ಮೇಲಿನ ಹೇಸಿಗೆಯೇ ಹೆಚ್ಚಾಯಿತು. ಕೊನೆಗೆ ಕೆಲಸ ಬಿಟ್ಟು ಬೈಲಹೊಂಗಲದ ಚಿಕ್ಕಮ್ಮನ ಹತ್ತಿರ ಹೊಲಿಗೆಗೆ ಹೋಗುವುದೆಂದು ಗಟ್ಟಿ ಮಾಡಿದಳು. ಈ ಶುಕ್ರವಾರವೇ ಕಡೆ.

ಆ ಶುಕ್ರವಾರ ಪ್ರಾರ್ಥನೆಯಲ್ಲಿ ವಿರೂಪಾಕ್ಷ ಮಕ್ಕಳಿಗೆ ಹೇಳಿದ್ದ: "ಬೇಕಾದಷ್ಟ ಹಾಕಿಸಿಕೊಳ್ರಿ. ಆದ್ರೂ ಉಳೀತಂದ್ರ ಗುಂಡಿಗೆ ಒಗೀಬ್ಯಾಡ್ರಿ. ಭೂತಾಯಿಗೆ ಕೊಡ್ರಿ!"

ಗೊಬ್ಬರಕ್ಕೆಂದು ಹೊಸ ತಗ್ಗು ತೋಡಿಸಿದ್ದ. ಅದನ್ನು ತೋರಿಸುವುದೊಂದನ್ನು ಮರೆತಿದ್ದ.

ಆ ಸೀಮೆಯ ಮಕ್ಕಳಿಗೆ ಭೂತಾಯಿಗೆ ಕೊಡುವುದು ಹೇಗೆಂದು ಹೇಳಿಕೊಡಬೇಕೇ? ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ, ಪೈರಿನ ಮೇಲೆಲ್ಲ ಅನ್ನ ಎರಚಿ ಚರಗ ಚೆಲ್ಲಿದವರು! ಊಟ ಮುಗಿದದ್ದೇ ತಡ, ತಟ್ಟೆ ಹಿಡಿದು ಇಡೀ ಮೈದಾನಕ್ಕೆ ಹರಡಿ ಚರಗದ ಕೂಗು ಹಾಕಿದರು.

"ಹುಲ್ಲುಲ್ಲಿಗೋ...!"

ಅನ್ನ ಹಾರಿತು. ಸಾಂಬಾರು ಹಾರಿತು. ಧ್ವಜದ ಕಟ್ಟೆ, ಕಿಟಕಿ, ಹೆಡ್ ಮಾಸ್ತರ ನಿಜಗುಣಪ್ಪನವರ ಬೈಕಿನ ಸೀಟು... ಎಲ್ಲಕ್ಕೂ ಚರಗ!

"ಯಾರಲೇ ಇದನ್ನ ಹೇಳಿಕೊಟ್ಟಾವ?" ನಿಜಗುಣಪ್ಪ ಕೂಗಿದರು.

"ವಿರೂಪಾಕ್ಷ ಸರ್ರೀ!" ಮಕ್ಕಳು ಹೆಮ್ಮೆಯಿಂದ ಒಕ್ಕೊರಲಲ್ಲಿ ಹೇಳಿದರು.

ಬಿಸಿಲಿಗೆ ಅನ್ನ ಹುಳಿ ವಾಸನೆ ಬಿಟ್ಟಿತು. ನೊಣ ಮುತ್ತಿದವು. ನಾಯಿಗಳು ಬಂದವು. ಶಾಲೆ ಬಿಟ್ಟ ಮೇಲೆ ಪೂನಮ್ ಮೊರ, ಕಸಬರಿಗೆ ಹಿಡಿದು ಬಂದರೆ, ವಿರೂಪಾಕ್ಷ ಆಗಲೇ ಮೊಣಕಾಲೂರಿ ಬರಿಗೈಯಿಂದ ಅನ್ನ ಬಳಿಯುತ್ತಿದ್ದ. ಎರಡು ಹಿಡಿ ಬಳಿದ, ಬೇವಿನ ಮರದ ಹಿಂದೆ ಓಡಿ ವಾಂತಿ ಮಾಡಿದ. ಮತ್ತೆ ಬಂದು ಬಳಿದ. ಮತ್ತೆ ಓಡಿದ!

"ನೀವು ಸರೀರಿ ಸರ. ಇದು ನಿಮ್ಮಂಥವರು ಮುಟ್ಟೂವಂಥದ್ದಲ್ಲ."

"ಹುಳಿ ವಾಸನಿ ಬಂದ್ರ ಸಣ್ಣಾಂವಿದ್ದಾಗಿಂದ ನನಗ ಹಿಂಗ ರೀ." ಅವನು ಬಾಯಿ ಒರೆಸಿಕೊಂಡ. "ಮೊದಲನೇ ದಿನಾನೂ ಇದ ಆತು. ನಿಮ್ಮ ಮುಂದ ಕಾರೂದು ಬ್ಯಾಡಂತ ಓಡಿದ್ನಿ."

ಕಸಬರಿಗೆ ನಿಂತಿತು.

"ಆ ಗುಂಡಿ ಪಕ್ಕಕ್ಕ ಕುಂತ್ರ ತುತ್ತು ಇಳಿಯಂಗಿಲ್ರಿ. ಅದಕ್ಕ ಡಬ್ಬಿ ಹಿಡಕೊಂಡು ಹೊರಗ ಹೋಗ್ತಿದ್ನಿ."

"ಮತ್ತ... ನಮ್ಮ ಕೇರಿ ಸಲುವಾಗಿ ಅಲ್ಲೇನು?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮುಖ ಬಿಳಿಚಿತು.

"ಅಯ್ಯ... ನಾ ಹಂಗ ಅಂದಿಲ್ಲಲ್ರಿ!"

"ಅನ್ನಲಿಲ್ರಿ. ಏನೂ ಅನ್ನಲಿಲ್ಲ." ಎಂದೂ ದನಿ ಎತ್ತದವಳ ದನಿ ಏರಿತು. "ಏನೂ ಹೇಳದ ಡಬ್ಬಿ ಹಿಡಕೊಂಡು ಎದ್ದು ಹೋದ್ರ ನಮ್ಮ ಕೇರ್ಯಾಗ ಅದಕ್ಕ ಒಂದ ಅರ್ಥ ಐತ್ರಿ. ನಮ್ಮಪ್ಪಗೂ ಅದ ಅರ್ಥ, ನಮ್ಮ ಮುತ್ಯಾಗೂ ಅದ ಅರ್ಥ. ನಾಳಿಯಿಂದ ನಾ ಬರಂಗಿಲ್ಲ. ಬೈಲಹೊಂಗಲಕ್ಕ ಹೊಂಟೇನಿ."

ವಿರೂಪಾಕ್ಷ ತನ್ನ ಹೊಲಸು ಕೈಗಳನ್ನು ನೋಡಿಕೊಂಡ.

"ಥೂ..." ಅವನು ಮೆಲ್ಲಗೆ ಅಂದ. "ಈ ಹೊಲಸಿಗೆ ಬಂದ ವಾಕರಿಕಿ ಏನೂ ಅಲ್ರಿ. ಈಗ ನನಗ ನನ್ನ ಮ್ಯಾಲ ಬರಾಕತ್ತೈತಿ."

ಎದ್ದು ಕೈ ತೊಳೆದು ಬಂದ. ಸೀದಾ ಗುಂಡಿಯ ಪಕ್ಕ, ಅಡುಗೆ ಕೋಣೆಯ ಮೆಟ್ಟಿಲಿಗೆ ಕುಳಿತ.

"ಏನರ ಉಳಿದೈತೇನು? ನೀಡ್ರಿ."

"ಇಲ್ಲಿ? ಕಾರತೀರಿ!"

"ಕಾರಿದ್ರ ಮತ್ತ ಉಣತೇನಿ."

ತಪ್ಪೇಲಿಯ ತಳದ ಅನ್ನಕ್ಕೆ ಸಾಂಬಾರು ಹಾಕಿ ಕೊಟ್ಟಳು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ಗಂಟಲು ಉಬ್ಬಿತು. ಮೂಗು ಹಿಡಿದು ನುಂಗಿದ. ಅವಳಿಗೆ ಬೇಡವೆಂದರೂ ನಗು ಒತ್ತರಿಸಿತು.

"ನಗ್ರಿ, ನಗ್ರಿ. ಊರಿಗೆಲ್ಲಾ ಪರಿಸರ ಅಂತ ಹೇಳೇನಿ. ಖರೇ ಹೇಳಬೇಕಂದ್ರ... ಈ ಗುಂಡಿ ಮುಚ್ಚಿಸಿದ್ರ ನಿಮ್ಮ ಕೈ ಊಟ ಉಣಬಹುದು ಅಂತ ಹೊಂಟಿದ್ನಿ, ಪೂನಮ್."

ಅವಳು ಸೌಟನ್ನು ತಪ್ಪೇಲಿಯಲ್ಲಿಟ್ಟು ಅವನತ್ತ ತಿರುಗಿದಳು.

"ಸಾಲ್ಯಾಗಷ್ಟ ಅಲ್ಲ. ಜೀವ ಇರೂತನಕ ಉಣ್ಣೂ ಆಸೆ ಐತಿ."

"ನಮ್ಮ ಕೇರಿಗೆ ಬಂದು, ನಮ್ಮಪ್ಪನ ಮುಂದ ಕುಂತು ಉಂಡು, ಕೇಳತೀರೇನು?"

"ಕೇಳತೇನಿ. ನಮ್ಮವ್ವನ್ನೂ ಕರಕೊಂಡು ಬರತೇನಿ."

"ಅವರೂ ಉಣತಾರೇನು?"

ಅವನು ತಟ್ಟೆ ಕೆಳಗಿಟ್ಟ. "ಸುಳ್ಳ ಹೇಳಂಗಿಲ್ಲ. ಮೊದಲನೇ ಸಲ ಉಣ್ಣಂಗಿಲ್ಲ ಅನಸತೈತಿ. ಆಕಿ ನಿಮ್ಮ ಮನ್ಯಾಗ ಉಣ್ಣೂತನಕ ನಾ ಆಕಿ ಮನ್ಯಾಗ ಉಣ್ಣಂಗಿಲ್ಲ."

ಪೂನಮ್‌ಳ ಕಣ್ಣು ಅವನ ತಟ್ಟೆಯ ಮೇಲೇ ನಿಂತಿತು. ಬೈಲಹೊಂಗಲದ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು ಹೋಯಿತು. ಅವಳು ಅತ್ತ ನೋಡಲೂ ಇಲ್ಲ. ಮೆಟ್ಟಿಲ ಇನ್ನೊಂದು ತುದಿಗೆ ಮೆಲ್ಲಗೆ ಕುಳಿತಳು.

"ಅತ್ತಾಗ ಹೊಳ್ಳಿ ಕುಂದರ್ರಿ ಸರ... ನೀವು ಹಿಂಗ ನೋಡಕೋತ ಕುಂತ್ರ ನನಗ ಅಳಾಕ ಬರಂಗಿಲ್ಲ."