ಊದಿದ ಕಣ್ಣಿನ ಸಾಕ್ಷಿ

ಎರಡನೇ ಒದೆತಕ್ಕೇ ಬಾಗಿಲು ಬಿರುಕು ಬಿಟ್ಟಿತು!

ಅಕ್ಕಲಕೋಟದ ಒಂದು ಬಾಡಿಗೆ ರೂಮು. ಬೆಳಗಿನ ಹನ್ನೊಂದು. ಒಳಗೆ ನಾನು, ಗೊಲ್ಲಾಳಪ್ಪ. ಒಂದು ಕಾಲದ ಪೊಲೀಸ್, ಈಗ ಬೇರೆಯವರ ಜೀವ ಕಾಯುವ ಆಳು. ಮಂಚದ ಮೇಲೆ ರೂಪಾಲಿ. ತನ್ನ ಅಣ್ಣನನ್ನು ಯುವರಾಜ ಎಂಬ ರೌಡಿ ಕೊಚ್ಚಿ ಕೊಂದದ್ದನ್ನು ಕಂಡವಳು ಇವಳೊಬ್ಬಳೇ. ಅದಕ್ಕೇ ಅವನು ರಾಡಿನಿಂದ ಇವಳ ಮೂಗು ಪುಡಿ ಮಾಡಿದ್ದ.

ಮೂಗಿನ ಆಪರೇಷನ್ ಆಗಿ ಮೂರನೇ ದಿನ. ಮುಖವೆಲ್ಲ ನೀಲಿ. ಎರಡೂ ಕಣ್ಣು ಊದಿ ಮುಚ್ಚಿದ್ದವು. ಮಧ್ಯಾಹ್ನ ಮೂರಕ್ಕೆ ಸೊಲ್ಲಾಪುರದ ಜೈಲಿನಲ್ಲಿ ಯುವರಾಜನನ್ನು ಗುರುತಿಸಬೇಕು. ಕಣ್ಣು ತೆರೆಯದಿದ್ದರೆ ಅವನಿಗೆ ಜಾಮೀನು... ಇವಳಿಗೆ ಮಸಣ!

ಡಾಕ್ಟರ್ ಹೇಳಿದ್ದು ಸಿಂಪಲ್. ತಲೆ ಎತ್ತರಕ್ಕಿರಲಿ. ಮೂಗು ಮುಟ್ಟದೆ, ಕೆನ್ನೆಗೆ, ಕಣ್ಣಿನ ಸುತ್ತ ಐಸ್ ಇಡಿ.

ಹತ್ತು ನಿಮಿಷದ ಹಿಂದೆ ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದೆ. ನೋಡಿದರೆ, ರೂಪಾಲಿಯ ಅಜ್ಜಿ ಜನಾಬಾಯಿ ಹಂಚಿನಲ್ಲಿ ಉಪ್ಪು ಹುರಿದು, ಗಂಟು ಕಟ್ಟಿ, ಮೊಮ್ಮಗಳ ಕೆನ್ನೆಗೆ ಶಾಖ ಕೊಡುತ್ತಿದ್ದಳು. ಊತ ದುಪ್ಪಟ್ಟು! ನನ್ನ ಮೈ ಉರಿಯಿತು.

“ಆಯಿ, ಡಾಕ್ಟರ ಐಸ್ ಅಂದಾರ!”

“ಥಂಡಿ ಹತ್ತಿದ್ರ ಪೋರಿ ಸಾಯ್ತಾಳ! ನಾಕು ಬಾಣಂತನ ಮಾಡೀನಿ ನಾ.”

“ಇದು ಬಾಣಂತನ ಅಲ್ಲ, ಮರ್ಡರ್ ಕೇಸು!”

ಆಗಲೇ ಒದೆತ ಶುರುವಾಗಿದ್ದು.

ಮೂರನೆಯದಕ್ಕೆ ಬಾಗಿಲು ಬಿತ್ತು. ಸಾಯಬಣ್ಣ! ಯುವರಾಜನ ಬಲಗೈ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ.

“ಪೋರೀನ ಬಿಟ್ಟು ಹೋಗು, ಗೊಲ್ಲಾಳ್ಯಾ. ನಿನಗೇನೂ ಮಾಡಂಗಿಲ್ಲ.”

“ಹಾದಿ ಬಿಡು. ಐಸ್ ಕರಗಾಕತ್ತದ.”

ಬೀಸಿದ. ನನ್ನ ಭುಜ ಸೀಳಿತು. ಕೆಡವಿ ಎದೆಯ ಮೇಲೆ ಕೂತ. ಕೊಯ್ತಾ ಗಂಟಲಿಗೆ ಇಳಿಯುತ್ತಿತ್ತು... ಹೆದರಿದೆ. ನಿಮ್ಮ ಮುಂದೆ ಸುಳ್ಳು ಯಾಕೆ?

“ನಿನ್ನ ಹೆಣಾ ಎತ್ಲಿ!”

ಜನಾಬಾಯಿ! ಒಲೆಯ ಮೇಲಿನ ಹಂಚನ್ನು ಸೆರಗಿನಲ್ಲಿ ಹಿಡಿದೆತ್ತಿ, ಉಳಿದಿದ್ದ ಕಾದ ಉಪ್ಪನ್ನೆಲ್ಲ ಅವನ ಮುಖಕ್ಕೆ ಸುರಿದಳು. ಅವನು ಕಣ್ಣು ಹಿಡಿದು ಕಿರುಚಿದ. ನಾನು ಹಂಚು ಕಸಿದೆ. ಅಂಗೈ ಸುಟ್ಟಿತು. ದವಡೆಗೆ ಒಂದು. ನೆತ್ತಿಗೆ ಇನ್ನೊಂದು. ಸದ್ದಡಗಿತು.

ಜೀಪ್ ಹತ್ತಿದೆವು. ಹಿಂದೆ ಅವನ ಹುಡುಗರ ಕಾರು! ವಳಸಂಗದ ಹತ್ತಿರ ಪಕ್ಕಕ್ಕೆ ಬಂತು. ಸ್ಟಿಯರಿಂಗ್ ಎಳೆದು ಗುದ್ದಿದೆ. ಕಾರು ಹೊಲಕ್ಕೆ ಮಗುಚಿ ಬಿತ್ತು. ರೂಪಾಲಿ ನೆಟ್ಟಗೆ ಕೂತೇ ಇದ್ದಳು. ಅಜ್ಜಿ ಬಟ್ಟೆಯಲ್ಲಿ ಸುತ್ತಿದ ಐಸನ್ನು ಅವಳ ಕೆನ್ನೆಗೆ ಹಿಡಿದಿದ್ದಳು. ಕರಗಿ ಇಳಿದ ನೀರನ್ನು ಸೆರಗಿನಿಂದ ಒರೆಸುತ್ತಿದ್ದಳು.

ಮೂರೂವರೆ. ರೂಪಾಲಿ ಜೈಲಿನಿಂದ ಹೊರಗೆ ಬಂದಳು.

“ಕಣ್ಣು ತೆರೀತೇನವ್ವಾ?”

“ಒಂದ, ಮಾಮಾ. ಅದೂ ಎಳ್ಳಷ್ಟು.”

“ಮತ್ತ?”

“ಅಂವನ ಎದೀ ಮ್ಯಾಲ ಬೆರಳ ಇಟ್ಟು ತೋರಿಸಿ ಬಂದೀನ್ರಿ.”

ಒಬ್ಬ ಕೊಲೆಗಡುಕನನ್ನು ಜನ್ಮಪೂರ್ತಿ ಒಳಗೆ ತಳ್ಳಲು ಅಷ್ಟು ಸಂದು ಸಾಕು!