ದಿನಾ ಎಣ್ಣೆ ಹಾಕುವ ಹುಡುಗ

“ನಾನು ದಿನಾ ಎಣ್ಣೆ ಹಾಕ್ತೀನಿ ಅಂಕಲ್,” ಅಂದ ಮಯೂರ್, ಭಾರೀ ಹೆಮ್ಮೆಯಿಂದ.

ಮಣಿನಗರದ ತಮ್ಮ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತಿದ್ದ ದಿವಾಕರರ ತುತ್ತು ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಸೂರತ್ತಿನಲ್ಲಿ ಕೆಲಸಕ್ಕಿರುವ ಮಗಳು ಮನಸ್ವಿನಿ, ಮದುವೆಯಾದರೆ ಇವನನ್ನೇ ಅಂತ ಹಟ ಹಿಡಿದು ಕರೆತಂದ ಹುಡುಗ ಇವನು!

“ದಿನಾನಾ?”

“ಬೆಳಿಗ್ಗೆಯಿಂದ ಸಂಜೆತನಕ. ಚಳಿಗೆ ತೆಳ್ಳಗಿಂದು, ಬೇಸಿಗೆಗೆ ಗಟ್ಟಿಯದು. ಮನಸ್ವಿನಿಗೂ ನಾನೇ ಹಾಕಿಕೊಡೋದು.”

ಮನಸ್ವಿನಿಯ ತಾಯಿ ರಮಾಮಣಿಯ ಕೈಯಿಂದ ಸೌಟು ಜಾರಿತು. ಗುಜರಾತಿನಲ್ಲಿ ಕುಡಿಯೋದೇ ನಿಷೇಧ, ಇವನು ನೋಡಿದರೆ ಸೀಸನ್ ಪ್ರಕಾರ ಕುಡೀತಾನಂತೆ!

ಮನಸ್ವಿನಿ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. ಸೂರತ್ತಿನ ಉಧ್ನಾದಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗನಿಗೆ, ಎಣ್ಣೆ ಹಾಕೋದು ಅಂದರೆ ಕುಡಿಯೋದು ಅಂತ ಯಾರು ಹೇಳಿಕೊಟ್ಟಿರುತ್ತಾರೆ ಪಾಪ! ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು. ಆ ಕಿವಿ ಕೆಂಪಾಯಿತು.

“ಅಯ್ಯೋ, ನಾನು ಕುಡಿಯಲ್ಲ ಅಂಕಲ್! ಮತ್ಲಬ್, ಗಾಡಿ ಕುಡಿಯುತ್ತೆ. ಇಂಜಿನ್ ಆಯಿಲ್!”

ಅವಳತ್ತ ಓರೆಗಣ್ಣಲ್ಲಿ ನೋಡಿದ. ಎರಡು ವರ್ಷದ ಹಿಂದೆ, ತನ್ನ ಗ್ಯಾರೇಜಿನಲ್ಲೂ ಹೀಗೇ ನೋಡಿದ್ದ. ಜನವರಿಯ ಬೆಳಿಗ್ಗೆ ಮೊಂಡು ಹಿಡಿದ ಹಳೇ ಬೈಕ್ ತಳ್ಳಿಕೊಂಡು ಬಂದ ಮನಸ್ವಿನಿ, ಎಣ್ಣೆ ಡಬ್ಬದ ಮೇಲಿನ 10W-30 ತೋರಿಸಿ, “ಡಬ್ಲ್ಯು ಅಂದ್ರೆ ವೇಟ್. ನಾನು ಇಂಜಿನಿಯರ್, ನಂಗೊತ್ತು” ಅಂತ ಜೋರು ಮಾಡಿದ್ದಳು.

“ವಿಂಟರ್, ಮೇಡಂ. ಅದರ ಮೊದಲಿನ ನಂಬರ್ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ. ಆಮೇಲಿನದು ಬಿಸಿಯಲ್ಲಿ ಎಷ್ಟು ಗಟ್ಟಿ ಅಂತ,” ಅಂದಿದ್ದ, ಚೂರೂ ಜಂಬವಿಲ್ಲದೆ. ಅವತ್ತೇ ಅವಳು ಸೋತಿದ್ದಳು.

ದಿವಾಕರರು ಕೈ ತೊಳೆದು ಬಂದರು. “ಕುಡಿಯಲ್ಲ, ಸರಿ. ಆದ್ರೂ ಗ್ಯಾರೇಜಿನವನಿಗೆ ಮಗಳನ್ನ ಕೊಡಲ್ಲ.”

ಉಗುರಿನ ಸಂದಿಯ ಕಪ್ಪು ಕಾಣದಿರಲಿ ಅಂತ ಮಯೂರ್ ಮುಷ್ಟಿ ಬಿಗಿಹಿಡಿದ. ಮನಸ್ವಿನಿಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೆದುರೇ ಆ ಮುಷ್ಟಿ ಬಿಡಿಸಿ ಕೈ ಹಿಡಿದುಕೊಂಡಳು.

“ಕೊಡೋಕೆ ನಾನೇನು ಸಾಮಾನಾ ಅಪ್ಪ? ಈ ಕೈ ನಂಗಿಷ್ಟ. ನೀವು ಮದುವೆಗೆ ಬಂದ್ರೆ ಖುಷಿ. ಬರದಿದ್ರೂ ಆಗ್ತೀನಿ.” ಮಯೂರನ ಕಡೆ ತಿರುಗಿದಳು. “ನೀನೂ ಇವತ್ತಿನವರೆಗೆ ಬಾಯಿಬಿಟ್ಟು ಹೇಳಿಲ್ಲ. ಹೇಳು.”

“ಇಲ್ಲಿ? ಅಂಕಲ್ ಮುಂದೆ?”

“ಅವರ ಮುಂದೇನೇ.”

ಮಯೂರ್ ಅವಳತ್ತ ತಿರುಗಿದ. “ನಂಗೆ... ನಿನ್ನಿಂದ ಪ್ರೀತಿ ಇದೆ.”

“ನಿನ್ ಮೇಲೆ ಅನ್ನಬೇಕಪ್ಪ,” ಅಂದರು ರಮಾಮಣಿ, ತಮಗೇ ಗೊತ್ತಿಲ್ಲದೆ.

ಮೇ ತಿಂಗಳ ಬಿಸಿಲಲ್ಲಿ ಇಬ್ಬರೂ ಸೂರತ್ತಿಗೆ ಹೊರಟರು. ಬೈಕಿನ ಹ್ಯಾಂಡಲ್ ಅವಳ ಕೈಯಲ್ಲಿ, ಅವನು ಹಿಂದೆ. ದಿವಾಕರರು ಬಾಲ್ಕನಿಗೆ ಬಂದರು. ಮೇಲಿನಿಂದಲೇ ಒರಟಾಗಿ ಕೇಳಿದರು, “ಈ ಬಿಸಿಲಿಗೆ ಯಾವ ಎಣ್ಣೆ ಹಾಕಿದ್ದಾನೆ?”

ಮನಸ್ವಿನಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು.

“20W-50 ಅಪ್ಪ. ಎಷ್ಟೇ ಬಿಸಿಯಾದ್ರೂ ನೀರಾಗಲ್ಲ. ನಾನೂ ಅಷ್ಟೇ.”