ಮೊದಲ ಗೋಲ್ ಆಗಲಿ, ಹೇಳ್ತೀನಿ

ನಮ್ಮ ಕ್ಲಬ್ ಒಂದೇ ವಾರದಲ್ಲಿ ಮೂವರು ಹೊಸ ಸ್ಟ್ರೈಕರ್‌ಗಳನ್ನು ತಂದಿತು. ಅದೇ ವಾರ ಅವಳು ನನ್ನ ಅಂಗಡಿಗೆ ಬಂದಳು. ಎರಡೂ ಒಳ್ಳೆಯ ಸುದ್ದಿ ಎಂದೇ ನಾನು ಹಿಗ್ಗಿದ್ದೆ.

ಅಂಗಡಿ ಎಂದರೆ ಸ್ವಂತದ್ದೇನಲ್ಲ. ಸ್ಟೇಡಿಯಂ ಗೋಡೆಗೆ ಅಂಟಿಕೊಂಡಿರುವ ಕ್ಲಬ್ಬಿನ ಜೆರ್ಸಿ ಮಳಿಗೆ. ಅದರ ಮೂಲೆಯಲ್ಲಿ ಇಸ್ತ್ರಿಯಂತೆ ಕಾಯುವ ಒಂದು ಪ್ರೆಸ್ ಯಂತ್ರ, ಯಂತ್ರದ ಹಿಂದೆ ನಾನು. ಜೆರ್ಸಿಯ ಬೆನ್ನಿಗೆ ಆಟಗಾರನ ಹೆಸರು, ನಂಬರು ಒತ್ತುವುದು ನನ್ನ ಕೆಲಸ. ಅಕ್ಷರಗಳನ್ನು ಸ್ಕೇಲ್ ಹಿಡಿದು ಜೋಡಿಸಬೇಕು, ಹದಿನೈದು ಸೆಕೆಂಡು ಒತ್ತಬೇಕು, ಆರುವವರೆಗೆ ಕಾದು ಮೇಲಿನ ಹಾಳೆ ಸುಲಿಯಬೇಕು. ಎಲ್ಲರೂ ನನ್ನನ್ನು ಇಸ್ತ್ರಿ ಎಂದೇ ಕರೆಯುತ್ತಾರೆ. ಮನೆಯಲ್ಲಿ ಅಕ್ಕನೂ ಅಷ್ಟೇ.

ಆ ದಿನ ಸಾಲು ಬಾಗಿಲು ದಾಟಿ ಹೋಗಿತ್ತು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ ಹುಡುಗಿಯೊಬ್ಬಳು ಜೆರ್ಸಿಯನ್ನು ಮೇಜಿನ ಮೇಲೆ ಹಾಸಿ, "ಬರೀ ಒಂಬತ್ತು ಹಾಕಿ ಸಾಕು. ಹೆಸರು ಬೇಡ" ಎಂದಳು.

"ಹೆಸರು ಬೇಡ್ವಾ? ಒಂಬತ್ತನೇ ನಂಬರಿಗೆ ಎಂಥ ಆಸಾಮಿ ಬಂದಿದ್ದಾನೆ ಗೊತ್ತೇನ್ರೀ? ಹೋದ ವರ್ಷ ಇಪ್ಪತ್ತೆರಡು ಗೋಲ್!"

"ಅದು ಬೇರೆ ಕ್ಲಬ್ಬಲ್ಲಿ. ಇಲ್ಲಿ ಒಂದು ಹೊಡೀಲಿ, ಆಮೇಲೆ ಹೆಸರು ಹಾಕ್ಸೋಕೆ ಬರ್ತೀನಿ."

"ಯಾಕ್ರೀ ಅಷ್ಟು ಅನುಮಾನ?"

"ನಮ್ಮಪ್ಪ ಒಂದೇ ಜೆರ್ಸಿಗೆ ಐದು ಸ್ಟ್ರೈಕರ್ ಹೆಸರು ಹಾಕ್ಸಿದ್ರು, ಐದೂ ತೆಗೆಸಿದ್ರು. ಕೊನೆಗೆ ಬೆನ್ನೇ ತೂತಾಯ್ತು. ಅವತ್ತಿಂದ ನಮ್ಮನೇಲಿ ರೂಲು. ಮೊದಲು ಗೋಲ್, ಆಮೇಲೆ ಹೆಸರು."

ತುಂಬಾ ಗಂಭೀರವಾಗಿ ಹೇಳಿದಳು. ಆದರೆ ತುಟಿಯ ಒಂದು ಅಂಚು ಮಾತ್ರ ಅವಳ ಮಾತು ಕೇಳದೆ ಮೇಲೆದ್ದಿತ್ತು. ನಾನು ಅದನ್ನೇ ನೋಡುತ್ತಾ ಒಂಬತ್ತನ್ನು ಸ್ವಲ್ಪ ಸೊಟ್ಟಗೆ ಒತ್ತಿಬಿಟ್ಟೆ. ಹನ್ನೊಂದು ವರ್ಷದ ಕೆಲಸದಲ್ಲಿ ಅದು ಮೊದಲ ಸಲ.

ಬೆನ್ನಲ್ಲಿ ತೂತಿದ್ದ ಜೆರ್ಸಿ ನನಗೆ ಗೊತ್ತಿತ್ತು. ಆರು ವರ್ಷ ಸ್ಟೇಡಿಯಂನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತು, ಮಾತಿಗಿಂತ ಹೆಚ್ಚು ನಿಟ್ಟುಸಿರು ಬಿಟ್ಟ ಹಿರಿಯರದು ಅದು. ಹಿಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡಿದ್ದರು. ಹೊಸ ಸೀಸನ್ನಿನ ಮೊದಲ ಪಂದ್ಯಕ್ಕೆ ಆ ಸೀಟಿಗೆ ಸೊಟ್ಟ ಒಂಬತ್ತು ಬಂದು ಕೂತಿತು.

"ಓಹೋ, ಇಸ್ತ್ರಿಯವರು!" ಎಂದು ಹುಬ್ಬು ಹಾರಿಸಿದಳು. "ಅಪ್ಪ ಹೇಳೋರು, ಪಕ್ಕದಲ್ಲಿ ಒಬ್ಬ ಕೂರ್ತಾನೆ, ಸೋತ ದಿನ ಉಗುರೆಲ್ಲಾ ತಿಂದ್ಹಾಕ್ತಾನೆ ಅಂತ."

ನಾನು ಕೈಗಳನ್ನು ಜೇಬಿಗೆ ತೂರಿಸಿದೆ.

ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ನಾನು ತಮಾಷೆಗೆ ಡಾಕ್ಟ್ರೇ ಎನ್ನುತ್ತಿದ್ದೆ. "ಡಾಕ್ಟರ್ ಅಲ್ಲ ರೀ ನಾನು" ಎಂದು ಪ್ರತಿ ಸಲವೂ ಹೇಳುತ್ತಿದ್ದಳು, ಪ್ರತಿ ಸಲವೂ ತಿರುಗಿ ನೋಡುತ್ತಿದ್ದಳು.

ಇನ್ನು ನಮ್ಮ ಮೂವರು ಮಹಾನುಭಾವರು. ಒಂಬತ್ತನೇ ನಂಬರಿನವನು ಆರೂವರೆ ಅಡಿ ಎತ್ತರ. ಚೆಂಡು ಅವನ ತಲೆಗೆ ಬಡಿದು ತನಗೆ ತೋಚಿದ ಕಡೆ ಹೋಗುತ್ತಿತ್ತು. ಅವನಿಗೆ ಏಣಿ ಎಂದು ಹೆಸರಿಟ್ಟೆವು. ಎರಡನೆಯವನು ಮಿಂಚು. ಎಷ್ಟು ಜೋರಾಗಿ ಓಡುತ್ತಿದ್ದನೆಂದರೆ ಚೆಂಡು ಹಿಂದೆಯೇ ಉಳಿಯುತ್ತಿತ್ತು. ಮೂರನೆಯವನಿಗೆ ಮೂವತ್ತಾರು. ಒಂದು ಕಾಲದ ಹೀರೋ, ಈಗ ಅಜ್ಜ. ಅಜ್ಜ ಗೋಲಿನ ಹತ್ತಿರ ತಲುಪುವಷ್ಟರಲ್ಲಿ ಆಟ ಇನ್ನೊಂದು ತುದಿಯಲ್ಲಿ ನಡೆದಿರುತ್ತಿತ್ತು.

"ಆ ಏಣೀನ ನಮ್ಮ ಅಂಗಡಿಗೆ ಕಳ್ಸಿ" ಎಂದಳು ಅವಳು ಮೂರನೇ ಪಂದ್ಯದಲ್ಲಿ. "ಅವನಿಗೆ ಒಂದು ಗೋಲ್ ಎರಡಾಗಿ ಕಾಣ್ಸುತ್ತೆ. ಪಾಪ, ಸರಿಯಾಗಿ ಎರಡರ ಮಧ್ಯಕ್ಕೇ ಹೊಡೀತಾನೆ."

ನಾನು ಚಹಾ ಉಗುಳುವಷ್ಟು ನಕ್ಕೆ. ಅವಳು ನಗಲಿಲ್ಲ. ನಾನು ನಗುವುದನ್ನು, ಕೆನ್ನೆಗೆ ಕೈಯಿಟ್ಟು, ಪೂರ್ತಿ ಮುಗಿಯುವವರೆಗೆ ನೋಡಿದಳು. ಮೈದಾನದಲ್ಲಿ ಏನಾಯಿತೆಂದು ಆ ಹತ್ತು ನಿಮಿಷ ನನಗೆ ಗೊತ್ತಿಲ್ಲ.

ನಾಲ್ಕನೇ ಪಂದ್ಯದ ವಿರಾಮದಲ್ಲಿ ನನ್ನ ಬಾಯಿ ತಡೆಯಲಿಲ್ಲ.

"ಡಾಕ್ಟ್ರೇ, ನಿಮಗೊಂದು ಮಾತು ಹೇಳೋದಿತ್ತು."

"ಹೇಳಿ."

ಅವಳು ಕನ್ನಡಕ ತೆಗೆದು ಮಡಚಿ ಮಡಿಲಲ್ಲಿಟ್ಟುಕೊಂಡಳು. ಕನ್ನಡಕವಿಲ್ಲದ ಅವಳ ಕಣ್ಣು ಅಷ್ಟು ಹತ್ತಿರದಿಂದ ನೋಡಿದವನಿಗೆ ಧೈರ್ಯ ಎಲ್ಲಿ ಉಳಿಯಬೇಕು? ನಾನು ಮೈದಾನದ ಕಡೆ ತಿರುಗಿದೆ.

"ಈ ಮೂವರಲ್ಲಿ ಯಾರಾದ್ರೂ ಮೊದಲ ಗೋಲ್ ಹೊಡೀಲಿ. ಆ ಕ್ಷಣಾನೇ ಹೇಳ್ತೀನಿ. ಆಣೆಗೂ."

"ನಮ್ಮನೆ ರೂಲು ನನಗೇ ತಿರುಗಿಸ್ತೀರಾ?" ಎಂದಳು. ಅವಳ ಕಿವಿ ಕೆಂಪಾಗಿತ್ತು. ಮಾತು ಯಾವುದೆಂದು ಅವಳಿಗೂ ಗೊತ್ತಾಗಿತ್ತು ಎನ್ನುವುದಕ್ಕೆ ಅಷ್ಟು ಸಾಕಿತ್ತು.

ಹೆಚ್ಚೆಂದರೆ ಎರಡು ವಾರ ಎಂದುಕೊಂಡೆ. ಮೂವರು ಸ್ಟ್ರೈಕರ್‌ಗಳು! ಕಣ್ಣು ಮುಚ್ಚಿ ಒದ್ದರೂ ಒಂದು ಒಳಗೆ ಹೋಗಬೇಕು.

ಹೋಗಲಿಲ್ಲ. ಎಲೆ ಉದುರಿದವು, ಚಳಿ ಬಂತು, ಅವಳು ಎರಡು ಕಪ್ಪಿನ ಥರ್ಮಾಸ್ ತರಲು ಶುರುಮಾಡಿದಳು, ಚಳಿಯೂ ಹೋಯಿತು. ನಮ್ಮ ಡಿಫೆಂಡರ್‌ಗಳು ಗೋಲ್ ಹೊಡೆದರು. ಎದುರಾಳಿಗಳು ಕರುಣೆಯಿಂದ ತಮ್ಮ ಗೋಲಿಗೆ ತಾವೇ ಹೊಡೆದುಕೊಂಡರು. ಏಣಿ, ಮಿಂಚು, ಅಜ್ಜ ಮೂವರೂ ಸೊನ್ನೆ. ಮೇಜಿನ ಹಿಂದೆ ನನ್ನ ಕೆಲಸವೂ ಬದಲಾಯಿತು. ಜನ ಅವರ ಹೆಸರು ಕೀಳಿಸಲು ಸಾಲು ನಿಂತರು.

"ಡಿಫೆಂಡರ್ ಹೊಡೆದ್ರೆ ಗೋಲ್ ಅಲ್ವೇನೋ?" ಎಂದು ಅಕ್ಕ ರೇಗಿದಳು. "ನಿನ್ನ ಬಾಯಿಗೇನು ಬೀಗ ಹಾಕಿದೆಯಾ? ಹೋಗಿ ಹೇಳೋ ಪುಣ್ಯಾತ್ಮ!"

"ಆಣೆ ಇಟ್ಟಿದ್ದೀನಿ ಅಕ್ಕ. ಮುರಿದ್ರೆ ಎರಡೂ ಕೈಬಿಟ್ಟು ಹೋಗುತ್ತೆ. ಕ್ಲಬ್ಬೂ, ಅವಳೂ."

ನಗಬೇಡಿ. ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಸೋಲುವವರೆಗೆ ಒಗೆಯದವನು ನಾನು. ನನ್ನಂಥವರು ಸಾವಿರಾರು ಜನ ಆ ಸ್ಟೇಡಿಯಂನಲ್ಲಿದ್ದಾರೆ. ನಮಗೆ ಇದು ಹುಚ್ಚು ಅನ್ನಿಸುವುದಿಲ್ಲ.

ವಸಂತದಲ್ಲಿ ಒಂದು ದಿನ ಅವಳು ಕಪ್ಪಿಗೆ ಚಹಾ ಬಗ್ಗಿಸುತ್ತಾ ಹೇಳಿದಳು. "ನಮ್ಮ ಕಂಪನಿ ಹೊಸ ಬ್ರಾಂಚ್ ತೆಗೀತಿದೆ. ರೈಲಲ್ಲಿ ಒಂದು ಹಗಲಿನ ದಾರಿ. ನನ್ನನ್ನ ಮ್ಯಾನೇಜರ್ ಮಾಡಿ ಕಳಿಸ್ತಾರಂತೆ."

"ಹೋಗ್ತೀರಾ?"

"ಕೊನೇ ಪಂದ್ಯದ ಮಾರನೇ ದಿನ, ಸೋಮವಾರ ಹೇಳ್ಬೇಕು. ಇಲ್ಲೇ ಇರೋಕೆ ಒಂದು ಕಾರಣ ಸಿಕ್ಕಿದ್ರೆ ಇಲ್ಲೇ ಇರ್ತೀನಿ."

ಕಪ್ಪನ್ನು ಕೊಟ್ಟಳು. ಕೊಟ್ಟ ಮೇಲೂ ಬೆರಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇದಕ್ಕಿಂತ ಬಿಡಿಸಿ ಯಾವ ಹೆಣ್ಣು ಹೇಳುತ್ತಾಳೆ? ನಾನು, ಮಹಾಮೂರ್ಖ, "ಇನ್ನೂ ಮೂರು ಪಂದ್ಯ ಇದೆಯಲ್ಲಾ" ಎಂದೆ.

ಕೊನೆಯ ಪಂದ್ಯ ಭಾನುವಾರ ಮಧ್ಯಾಹ್ನ. ಗೆದ್ದರೆ ಉಳಿಯುತ್ತೇವೆ, ಇಲ್ಲದಿದ್ದರೆ ಕೆಳಗಿನ ಡಿವಿಷನ್‌ಗೆ. ಎಪ್ಪತ್ತನೇ ನಿಮಿಷದವರೆಗೆ ಸೊನ್ನೆ-ಸೊನ್ನೆ. ನನ್ನ ಹತ್ತೂ ಉಗುರು ಮುಗಿದಿದ್ದವು.

ಆಗ ಅಜ್ಜ ಎಡಗಡೆಯಿಂದ ಒಂದು ಚೆಂಡು ಎತ್ತಿ ಹಾಕಿದ. ಏಣಿ ಎದ್ದ. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವನ ತಲೆ, ಚೆಂಡು, ಗೋಲ್ ಮೂರೂ ಒಂದೇ ಸಾಲಿಗೆ ಬಂದವು. ಬಲೆ ಅಲುಗಿತು.

ಇಡೀ ಸ್ಟೇಡಿಯಂ ಎದ್ದು ಕೂಗಿತು. ನಾನು ಮೈದಾನ ನೋಡಲಿಲ್ಲ. ಅವಳ ಎರಡೂ ತೋಳು ಹಿಡಿದು ಅವಳ ಕಿವಿಯಲ್ಲಿ ಕಿರುಚಿದೆ.

"ಹೋಗ್ಬೇಡಿ! ನೀವಂದ್ರೆ ನನಗೆ ಪ್ರಾಣ. ಮೊದಲ ದಿನ ಜೆರ್ಸಿ ಹಾಸಿದ್ರಲ್ಲ, ಅವತ್ತಿಂದ. ನನ್ನ ಜೊತೆ ಇದ್ದುಬಿಡಿ."

ಅವಳ ಕಣ್ಣು ತುಂಬಿಕೊಂಡವು. ನಗುತ್ತಿದ್ದಳು. ನನ್ನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡು, ಏನೋ ಹೇಳಲು ಬಾಯಿ ತೆರೆದಳು.

ಸ್ಟೇಡಿಯಂ ಒಮ್ಮೆಗೇ ಸ್ತಬ್ಧವಾಯಿತು. ನಾನು ತಲೆ ತಿರುಗಿಸಿದೆ. ದೊಡ್ಡ ಪರದೆಯ ಮೇಲೆ ವಿಡಿಯೋ ಪರೀಕ್ಷೆ: ಏಣಿಯ ಭುಜ, ಅದು ಕೂದಲೆಳೆಯಷ್ಟು ದಾಟಿದ್ದ ಒಂದು ಗೆರೆ. ಆಫ್‌ಸೈಡ್. ಗೋಲ್ ರದ್ದು.

ತಲೆ ಮೇಲೆ ಕೈ ಹೊತ್ತುಕೊಂಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ತಿರುಗಿದಾಗ ಅವಳು ನನ್ನ ಅಂಗಿ ಬಿಟ್ಟಿದ್ದಳು.

"ಈಗ?" ಎಂದು ಮೆಲ್ಲಗೆ ಕೇಳಿದಳು. "ನೀವು ಹೇಳಿದ ಮಾತು?"

ಇಪ್ಪತ್ತು ವರ್ಷದ ಅಭಿಮಾನ ನನ್ನ ಬಾಯಿಂದ ಮಾತಾಡಿತು. "ಇನ್ನೂ ಇಪ್ಪತ್ತು ನಿಮಿಷ ಇದೆ."

ಅವಳು ಕೂತಳು. ನಾನೂ ಕೂತೆ. ಇಪ್ಪತ್ತು ನಿಮಿಷವೂ ನಾನು ಮೈದಾನವನ್ನೇ ನೋಡಿದೆ. ಮಿಂಚು ಒಂದನ್ನು ಆಕಾಶಕ್ಕೆ ಹೊಡೆದ, ಇನ್ನೊಂದನ್ನು ಗೋಲ್‌ಕೀಪರ್ ಕೈಗೇ ಕೊಟ್ಟ. ಸೀಟಿ ಊದಿದಾಗ ಸುತ್ತಲೂ ದೊಡ್ಡ ದೊಡ್ಡ ಗಂಡಸರು ಅಳುತ್ತಿದ್ದರು. ಅವಳು ಎದ್ದು, "ಹುಷಾರಾಗಿ ಮನೆಗೆ ಹೋಗಿ" ಎಂದು ಹೇಳಿ ಮೆಟ್ಟಿಲಿಳಿದಳು.

ಸೋಮವಾರ ಬೆಳಿಗ್ಗೆ ಅಕ್ಕ ನನ್ನನ್ನು ಹೆಚ್ಚುಕಡಿಮೆ ಕತ್ತು ಹಿಡಿದೇ ಹೊರಗೆ ದೂಡಿದಳು. ಹನ್ನೊಂದಕ್ಕೆ ಕನ್ನಡಕದ ಅಂಗಡಿ ತಲುಪಿದೆ. ಗೋಡೆಯ ತುಂಬ ಖಾಲಿ ಫ್ರೇಮುಗಳು, ನಡುವೆ ಅವಳು ಒಂದು ಲೆನ್ಸನ್ನು ಬಟ್ಟೆಯಿಂದ ಒರೆಸುತ್ತಾ ನಿಂತಿದ್ದಳು. ಗೋಲಿಲ್ಲದೆ, ಗದ್ದಲವಿಲ್ಲದೆ, ನೆಟ್ಟಗೆ ನಿಂತು ಎಲ್ಲ ಹೇಳಿದೆ. ಪ್ರೀತಿಸ್ತೀನಿ ಎಂದೆ. ತಪ್ಪಾಯ್ತು ಎಂದೆ. ಹೋಗಬೇಡಿ ಎಂದೆ.

ಅವಳು ಕೊನೆಯವರೆಗೆ ಕೇಳಿದಳು.

"ಬೆಳಿಗ್ಗೆ ಒಂಬತ್ತು ಗಂಟೆಗೇ ಕಂಪನಿಗೆ ಹೇಳಿಬಿಟ್ಟೆ, ಹೋಗ್ತೀನಿ ಅಂತ" ಎಂದಳು. "ನಿನ್ನೆ ಆ ಇಪ್ಪತ್ತು ನಿಮಿಷ ನಾನು ನಿಮ್ಮ ಮುಖವನ್ನೇ ನೋಡ್ತಾ ಕೂತಿದ್ದೆ. ಒಂದು ಸಲ ಈ ಕಡೆ ತಿರುಗಿದ್ರೂ ಸಾಕಿತ್ತು."

"ಈಗ ತಿರುಗಿದ್ದೀನಲ್ಲ?"

"ಹೌದು." ಅವಳು ಲೆನ್ಸನ್ನು ಕೆಳಗಿಟ್ಟಳು. "ನಮ್ಮಪ್ಪನೂ ಒಳ್ಳೆಯವರೇ. ಅಮ್ಮನ್ನ ಸಮುದ್ರ ನೋಡೋಕೆ ಕರ್ಕೊಂಡು ಹೋಗ್ತೀನಿ ಅಂತಿದ್ರು, ಕ್ಲಬ್ ಕಪ್ ಗೆದ್ದ ತಕ್ಷಣ. ಗೆಲ್ಲಲೇ ಇಲ್ಲ. ಅಮ್ಮ ಕೊನೇವರೆಗೂ ಬ್ಯಾಗ್ ರೆಡಿ ಇಟ್ಕೊಂಡಿದ್ರು. ನಾನು ಹಾಗೆ ಕಾಯಲಾರೆ ರೀ. ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಇದೆ, ತುಂಬಾ ಇದೆ. ಅದಕ್ಕೇ ಭಯ."

ಮೇಜಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು. ತಿಂದು ಹಾಕಿದ್ದ ಉಗುರುಗಳನ್ನು ಒಂದೊಂದಾಗಿ ಸವರಿದಳು. ಯಾರೋ ಬಾಗಿಲು ತಳ್ಳಿ ಒಳಗೆ ಬಂದರು. ಅವಳು ಕಣ್ಣೊರೆಸಿಕೊಂಡು ಅವರ ಕಡೆ ಹೋದಳು.

ನಾವು ಕೆಳಗಿನ ಡಿವಿಷನ್‌ಗೆ ಇಳಿದೆವು. ಏಣಿ, ಮಿಂಚು, ಅಜ್ಜ ಮೂವರೂ ಹೊರಟರು. ಬೇಸಿಗೆಯಲ್ಲಿ ಕ್ಲಬ್ ಮತ್ತೊಬ್ಬ ಸ್ಟ್ರೈಕರನ್ನು ತಂದಿತು. ನಾನು ಅವನ ಹೆಸರು ಒತ್ತಿದೆ. ಹೇಗಿದ್ದಾನೆ ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದೆ.

ಅವಳ ಸೀಟಿಗೆ ಈಗ ನಿವೃತ್ತ ಮೇಷ್ಟ್ರೊಬ್ಬರು ಬರುತ್ತಾರೆ. ಮೊದಲ ಪಂದ್ಯದ ಆರನೇ ನಿಮಿಷದಲ್ಲೇ ಹೊಸ ಸ್ಟ್ರೈಕರ್ ತಿರುಗಿ ಒಂದು ಹೊಡೆದ. ಬಲೆ ಹರಿಯುವಂಥ ಗೋಲ್. ಎಲ್ಲರೂ ಎದ್ದರು. ನನಗೆ ಏಳಲಾಗಲಿಲ್ಲ. ಕೂತಲ್ಲೇ ದೊಡ್ಡ ಪರದೆಯ ಕಡೆ ನೋಡುತ್ತಾ ಇದ್ದೆ. ಗೆರೆ ಬರಲಿ, ತಡವಾಗಿ ಬಂದ ಈ ಗೋಲೂ ಅಳಿಸಿ ಹೋಗಲಿ ಎಂದು ಬೇಡಿಕೊಂಡೆ.

"ಅಲ್ಲೇನ್ ನೋಡ್ತೀರಿ?" ಮೇಷ್ಟ್ರು ನನ್ನ ಭುಜ ಹಿಡಿದು ಅಲುಗಿಸಿದರು. "ಈ ಡಿವಿಷನ್‌ನಲ್ಲಿ ಆ ವಿಡಿಯೋ ಪರೀಕ್ಷೆಯೆಲ್ಲಾ ಇಲ್ಲ. ಕೊಟ್ಟ ಗೋಲ್ ಕೊಟ್ಟ ಹಾಗೇ. ಅಯ್ಯೋ, ಯಾಕ್ರೀ ಅಳ್ತಿದ್ದೀರಿ? ಗೋಲ್ ಕಣ್ರೀ, ನಮ್ಮದೇ ಗೋಲ್!"